ಮನೆಯ ಕಂತೂ ಮಗುವಿನ ತೊಟ್ಟಿಲೂ

ಕಾಫಿಯ ಹಣ ವರ್ಷಕ್ಕೊಮ್ಮೆ ಬರುತ್ತದೆ. ಅಡಿಕೆಯದೂ ಹೆಚ್ಚುಕಡಿಮೆ ಹಾಗೆಯೇ. ಬ್ಯಾಂಕಿನ ಕಂತು ಮಾತ್ರ ತಿಂಗಳು ತಿಂಗಳೂ ತೆರಬೇಕಾದುದು. ಬೆಂಗಳೂರಿನಲ್ಲಿ ದುಡಿಯುವ ನಮ್ಮ ಸದಸ್ಯರ ಮಕ್ಕಳು ಮನೆಗೆ ಸಾಲ ಎತ್ತುವಾಗ ತಂದೆಯ ಜಾಮೀನನ್ನೂ ತೋಟದ ಪಹಣಿಯನ್ನೂ ಕೇಳುವುದುಂಟು. ಆದುದರಿಂದ ಈ ವಿಷಯ ಬೆಳೆಗಾರರಿಗೆ ಹೊರತಾದುದಲ್ಲ.

ಇದರ ನಿಜವಾದ ಪಾಠ ಕೆ.ಜಿ.ಎಫ್. ಮತ್ತು ಬಂಗಾರಪೇಟೆಯಲ್ಲಿದೆ. ಅಲ್ಲಿ ಗಣಿ ನಡೆಯುತ್ತಿದ್ದಾಗ ಕೆಲಸದೊಡನೆ ಲೈನ್ ಮನೆಯೂ ದೊರೆಯುತ್ತಿತ್ತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಈಗ ಸಾವಿರಾರು ಮಂದಿ ಮುಂಜಾನೆಯ ರೈಲು ಹತ್ತಿ, ಬಂಗಾರಪೇಟೆ ಜಂಕ್ಷನ್ ಹಾದು, ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುತ್ತಾರೆ. ಬೆಂಗಳೂರಿಗಿಂತ ಅಲ್ಲಿ ನಿವೇಶನ ಅಗ್ಗವೇನೋ ನಿಜ. ಆದರೆ ಪ್ರಯಾಣಕ್ಕೆ ಹೋಗುವ ನಾಲ್ಕೈದು ಗಂಟೆಯೂ ಮನೆಯ ಬೆಲೆಗೇ ಸೇರತಕ್ಕದ್ದು. ಎಂಟು ಗಂಟೆ ಕೆಲಸ ಮಾಡುವ ತಾಯಿಯ ಮಗುವನ್ನು ಹನ್ನೆರಡು ಹದಿಮೂರು ಗಂಟೆ ಯಾರಾದರೂ ನೋಡಿಕೊಳ್ಳಬೇಕಾಗುತ್ತದೆ. ಅದಕ್ಕಾಗಿ ಅಜ್ಜಿಯನ್ನು ಊರಿನಿಂದ ಕರೆಸಿಕೊಂಡರೆ, ಡಿಸೆಂಬರಿನ ಕೊಯ್ಲಿನಲ್ಲಿ ಕಣ ನೋಡುವವರು ಯಾರು?

ಕಾನೂನು ಎಷ್ಟು ನೆರವಾಗುತ್ತದೆ? 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದು ಉಳಿದಿದೆ. 50 ಮಂದಿ ನೌಕರರಿರುವಲ್ಲಿ ಶಿಶುವಿಹಾರವೂ ಇರಬೇಕು. ಹೆರಿಗೆಗೆ ಮುಂಚೆ 8 ವಾರ ರಜೆ ಪಡೆದರೆ ಉಳಿಯುವುದು 18 ವಾರ. ಮಗುವಿಗೆ ನಾಲ್ಕು ತಿಂಗಳು ತುಂಬುತ್ತಲೇ ತಾಯಿ ಕೆಲಸಕ್ಕೆ ಹೊರಡಬೇಕು. ಕೇಂದ್ರ ಸರ್ಕಾರಿ ನೌಕರನಾದ ತಂದೆಗೆ 15 ದಿನ ರಜೆಯುಂಟು. ಖಾಸಗಿ ನೌಕರನಿಗೆ ಮಾಲೀಕ ಕೊಟ್ಟಷ್ಟೇ. ಆದ್ದರಿಂದ ಕಷ್ಟ ಬರುವುದು ರಜೆಯ ಕಾಲದಲ್ಲಲ್ಲ, ರಜೆ ಮುಗಿದ ಮೇಲೆ. ಆಗ ಒಂದೋ ಶಿಶುವಿಹಾರದ ಖರ್ಚು ಸೇರುತ್ತದೆ, ಇಲ್ಲವೇ ಒಂದು ಸಂಬಳ ನಿಲ್ಲುತ್ತದೆ.

ಇನ್ನು ಲೆಕ್ಕ. ಶೇಕಡಾ 9ರ ಬಡ್ಡಿಯಲ್ಲಿ 20 ಲಕ್ಷ ರೂಪಾಯಿ ಸಾಲವನ್ನು 20 ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 18,000 ರೂಪಾಯಿ. ಒಟ್ಟು ಕಟ್ಟುವುದು 43 ಲಕ್ಷಕ್ಕೂ ಮಿಗಿಲು. ಗಂಡ ಹೆಂಡಿರಿಬ್ಬರ ಸಂಬಳ ಕೂಡಿಸಿದರೆ ಬ್ಯಾಂಕು ಹೆಚ್ಚು ಸಾಲ ಕೊಡುತ್ತದೆ. ಕೊಡುತ್ತದೆಂದು ಅಷ್ಟನ್ನೂ ಪಡೆಯಬೇಕಾಗಿಲ್ಲ.

ಸದಸ್ಯರು ಗಮನದಲ್ಲಿಡಬೇಕಾದ ಅಂಶಗಳು ಇವು:

1. ಒಂದೇ ಸಂಬಳದಲ್ಲಿ ಕಟ್ಟಬಹುದಾದಷ್ಟೇ ಕಂತು ಇರಲಿ.

2. ಗೃಹಪ್ರವೇಶದ ಖರ್ಚಿಗೆ ಮೊದಲು ಆರು ಕಂತಿನ ಹಣ, ಮೇಲಿನ ಲೆಕ್ಕದಲ್ಲಿ 1,08,000 ರೂಪಾಯಿ, ಬೇರೆಯಾಗಿ ತೆಗೆದಿಡಿ.

3. ಫಸಲಿನ ಹಣದಿಂದ ನೆರವಾಗುವುದಾದರೆ ಅಸಲಿಗೇ ಕಟ್ಟಿ. ವ್ಯಕ್ತಿಗಳ ಚರ ಬಡ್ಡಿಯ ಗೃಹಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡ ವಿಧಿಸಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲೇ ಬ್ಯಾಂಕುಗಳಿಗೆ ಆದೇಶಿಸಿದೆ.

4. ನಿವೇಶನ ನೋಡುವಾಗ ರೈಲಿನ ವೇಳೆಯನ್ನೂ ಮಗು ಬಿಡುವ ಸ್ಥಳವನ್ನೂ ನೋಡಿ.

5. ತೋಟವನ್ನು ಆಧಾರ ಮಾಡಬೇಡಿ. ಬೆಲೆ ಕುಸಿದ ವರ್ಷ ಮನೆ, ತೋಟ ಎರಡಕ್ಕೂ ಒಟ್ಟಿಗೆ ಅಪಾಯ ಬಂದೀತು.

ಮಗುವಿಗೆ ಸೂರು ಬೇಕು; ಆ ಸೂರಿನ ಕೆಳಗೆ ತಾಯಿ ತಂದೆಯರೂ ಹಗಲು ಬೆಳಕಿರುವಾಗ ಮನೆ ಸೇರುವಂತಿರಬೇಕು. ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ಮಗ ಸೊಸೆ, ಮಗಳು ಅಳಿಯರೊಡನೆ ಕುಳಿತು ಈ ಲೆಕ್ಕ ಹಾಕಬೇಕೆಂದು ನಮ್ಮ ಕೋರಿಕೆ.