ಚಿತ್ರವನ್ನು ಅಳೆಯುವ ವಿದ್ಯೆ

ಮಳೆಗಾಲದಲ್ಲಿ ಬಂಟ್ವಾಳದ ನೇತ್ರಾವತಿಯನ್ನು ಕಂಡವರು ‘ಹೊಳೆ ಏರಿದೆ’ ಎನ್ನುತ್ತಾರೆ. ಕಂಡುದನ್ನು ಹೇಳಲು ಅಷ್ಟು ಮಾತು ಸಾಕು. ಆದರೆ ದಡದ ಮನೆಗಳವರನ್ನು ಎಬ್ಬಿಸಬೇಕೇ ಬೇಡವೇ ಎಂದು ನಿರ್ಧರಿಸಬೇಕಾದವರಿಗೆ ಅದು ಸಾಲದು. ನೀರು ಅಳತೆಗೋಲಿನ ಯಾವ ಗೆರೆಯನ್ನು ಮುಟ್ಟಿದೆ, ಗಂಟೆಗೆ ಎಷ್ಟು ಏರುತ್ತಿದೆ ಎಂಬ ಲೆಕ್ಕ ಬೇಕು. ಶರೀರದೊಳಗಿನ ಚಿತ್ರವನ್ನು ನೋಡುವ ವೈದ್ಯರ ಸ್ಥಿತಿಯೂ ಇಂತಹುದೇ. ಚಿತ್ರವನ್ನು ನೋಡುವುದು ಒಂದು, ಅದನ್ನು ಅಳೆಯುವುದು ಮತ್ತೊಂದು. ಈ ಎರಡನೆಯ ವಿದ್ಯೆಯು ಪಾರ್ಶ್ವವಾಯುವಿನ ಚಿಕಿತ್ಸೆಯಲ್ಲಿ ಹೇಗೆ ನೆರವಾಗುತ್ತದೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಪಾರ್ಶ್ವವಾಯುವು ಎರಡು ಬಗೆಯದು. ಮಿದುಳಿನ ರಕ್ತನಾಳವೊಂದರಲ್ಲಿ ಹೆಪ್ಪು ಸಿಕ್ಕಿಕೊಂಡು ಮುಂದಿನ ಭಾಗಕ್ಕೆ ರಕ್ತ ಹರಿಯದಂತಾಗುವುದು ಒಂದು. ನಾಳವೇ ಒಡೆದು ರಕ್ತವು ಮಿದುಳಿನೊಳಕ್ಕೆ ಸುರಿಯುವುದು ಇನ್ನೊಂದು. ಹೊರಗಿನ ಲಕ್ಷಣಗಳು ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ: ಬಾಯಿ ಸೊಟ್ಟಗಾಗುತ್ತದೆ, ಒಂದು ಪಕ್ಕದ ಕೈಕಾಲು ಸೋಲುತ್ತದೆ, ಮಾತು ತೊದಲುತ್ತದೆ. ಚಿಕಿತ್ಸೆಯಾದರೋ ಒಂದಕ್ಕೊಂದು ವಿರುದ್ಧವಾದುದು. ಮೊದಲನೆಯದಕ್ಕೆ ನಾಲ್ಕೂವರೆ ಗಂಟೆಗಳೊಳಗೆ ಹೆಪ್ಪನ್ನು ಕರಗಿಸುವ ಔಷಧವನ್ನು ಕೊಡುತ್ತಾರೆ. ಎರಡನೆಯದಕ್ಕೆ ಅದೇ ಔಷಧವನ್ನು ಕೊಟ್ಟರೆ ಪ್ರಾಣಕ್ಕೇ ಅಪಾಯ. ತಡಮಾಡುವಂತೆಯೂ ಇಲ್ಲ. ದೊಡ್ಡ ನಾಳವೊಂದು ಮುಚ್ಚಿಕೊಂಡಾಗ ಮಿದುಳಿನಲ್ಲಿ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು ಅಮೆರಿಕದ ವೈದ್ಯ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕಹಾಕಿದರು. ಮಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಬಂಟ್ವಾಳದಿಂದ ಸುಮಾರು 25, ಮೂಡುಬಿದಿರೆಯಿಂದ 35, ಬೆಳ್ತಂಗಡಿಯಿಂದ 60 ಕಿಲೋಮೀಟರ್ ದೂರ. ಚಾರ್ಮಾಡಿಯ ತಪ್ಪಲಿನಿಂದ ಹೊರಟ ರೋಗಿಗೆ ದಾರಿಯ ಒಂದೊಂದು ನಿಮಿಷವೂ ಬೆಲೆಯುಳ್ಳದ್ದು.

ರೋಗವು ಯಾವ ಬಗೆಯದೆಂದು ತಿಳಿಯಲು ಸಿ.ಟಿ. ಸ್ಕ್ಯಾನ್ ಯಂತ್ರವಿದೆ. ಇಂಗ್ಲೆಂಡಿನ ಇ.ಎಂ.ಐ. ಕಂಪೆನಿಯ ಇಂಜಿನಿಯರ್ ಗಾಡ್‌ಫ್ರೀ ಹೌನ್ಸ್‌ಫೀಲ್ಡರು ನಿರ್ಮಿಸಿದ ಈ ಯಂತ್ರದಿಂದ 1971ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರವನ್ನು ತೆಗೆದರು. 1979ರಲ್ಲಿ ಅವರಿಗೂ ಅಲನ್ ಕಾರ್ಮಾಕ್ ಎಂಬ ವಿಜ್ಞಾನಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಯಂತ್ರವು ಕ್ಷಕಿರಣಗಳನ್ನು ಸುತ್ತಲಿನಿಂದ ಹಾಯಿಸಿ ತಲೆಯ ಅಡ್ಡಪದರಗಳನ್ನು ಒಂದೊಂದಾಗಿ ತೋರಿಸುತ್ತದೆ. ಮೂಡುಬಿದಿರೆಯ ಬಸದಿಯಲ್ಲಿ ಕಾಪಾಡಿಕೊಂಡು ಬಂದ ಧವಳಾ ಗ್ರಂಥದ ಓಲೆಗರಿಗಳಂತೆ ಈ ಪದರಗಳನ್ನೂ ಸಾಲಾಗಿ ಓದಬೇಕು. ಒಂದು ಗರಿಯಿಂದ ಗ್ರಂಥವು ತಿಳಿಯದು.

ಈ ಚಿತ್ರದ ವೈಶಿಷ್ಟ್ಯವೆಂದರೆ ಅದರ ಪ್ರತಿಯೊಂದು ಚುಕ್ಕೆಯೂ ಒಂದು ಸಂಖ್ಯೆ. ನೀರಿಗೆ 0, ಗಾಳಿಗೆ –1000 ಎಂದು ಗೊತ್ತುಮಾಡಿ, ಕ್ಷಕಿರಣವನ್ನು ಎಷ್ಟು ತಡೆಯುತ್ತದೆಂಬುದರ ಮೇಲೆ ಮಿಕ್ಕವುಗಳಿಗೆ ಬೆಲೆಕಟ್ಟುತ್ತಾರೆ. ಮಿದುಳಿನ ಬೂದುಭಾಗಕ್ಕೆ 35ರಿಂದ 40ರಷ್ಟು ಬರುತ್ತದೆ. ಹೊಸದಾಗಿ ಹೆಪ್ಪುಗಟ್ಟಿದ ರಕ್ತಕ್ಕೆ 50ಕ್ಕೂ ಮೇಲೆ. ಆದುದರಿಂದ ಸುರಿದ ರಕ್ತವು ಬೆಳ್ಳಗೆ ಎದ್ದು ಕಾಣುತ್ತದೆ. ರಕ್ತವಿಲ್ಲದೆ ಬಾಡುತ್ತಿರುವ ಭಾಗವನ್ನು ಗುರುತಿಸುವುದು ಇಷ್ಟು ಸುಲಭವಲ್ಲ. ಅದು ನೀರನ್ನು ಹೀರಿಕೊಳ್ಳುತ್ತದೆ. ನೂರಕ್ಕೆ ಒಂದು ಪಾಲು ನೀರು ಹೆಚ್ಚಿದರೆ ಸಂಖ್ಯೆಯು ಎರಡು ಮೂರರಷ್ಟು ಮಾತ್ರ ಇಳಿಯುತ್ತದೆ. ಇಷ್ಟು ಸಣ್ಣ ವ್ಯತ್ಯಾಸವು ಮೊದಲ ಗಂಟೆಗಳಲ್ಲಿ ಪಳಗಿದ ಕಣ್ಣಿಗೂ ತಪ್ಪಿಹೋಗಬಹುದು.

ಇಲ್ಲಿ ಅಳತೆಯು ಕೈಹಿಡಿಯುತ್ತದೆ. ಸುರಿದ ರಕ್ತದ ಗಾತ್ರವನ್ನು ತಿಳಿಯುವ ಒಂದು ಸರಳ ಸೂತ್ರವಿದೆ: ಉದ್ದ, ಅಗಲ, ಎತ್ತರಗಳನ್ನು ಗುಣಿಸಿ ಎರಡರಿಂದ ಭಾಗಿಸುವುದು. 5, 4, 4 ಸೆಂಟಿಮೀಟರುಗಳಾದರೆ 40 ಮಿಲಿಲೀಟರ್. ರೋಗದ ತೀವ್ರತೆಯನ್ನು ಎಣಿಸುವಾಗ 30 ಮಿಲಿಲೀಟರಿನ ಗೆರೆಯನ್ನು ವೈದ್ಯರು ಗಮನದಲ್ಲಿಡುತ್ತಾರೆ. ನಾಳ ಮುಚ್ಚಿದ ರೋಗಿಗಾಗಿ ಕೆನಡಾದ ವೈದ್ಯರು 2000ದಲ್ಲಿ ಅಂಕಪದ್ಧತಿಯೊಂದನ್ನು ರೂಪಿಸಿದರು. ಮಿದುಳಿನ ಮಧ್ಯಧಮನಿಯ ಕ್ಷೇತ್ರವನ್ನು ಹತ್ತು ಭಾಗಗಳಾಗಿ ವಿಂಗಡಿಸಿ, ಕೆಟ್ಟ ಭಾಗವೊಂದಕ್ಕೆ ಒಂದರಂತೆ ಹತ್ತರಿಂದ ಕಳೆಯುವುದು ಅದರ ಕ್ರಮ. ಅಂಕವು ಹೆಚ್ಚಿದ್ದಷ್ಟೂ ಉಳಿದಿರುವ ಮಿದುಳು ಹೆಚ್ಚು. ಈಗ ಗಣಕಯಂತ್ರವೂ ಈ ಎಣಿಕೆಯನ್ನು ಮಾಡಬಲ್ಲುದು. ಸತ್ತ ಭಾಗವೆಷ್ಟು, ರಕ್ತ ಮರಳಿದರೆ ಉಳಿಯಬಹುದಾದ ಭಾಗವೆಷ್ಟು ಎಂಬುದನ್ನು ಯಂತ್ರವು ಅಳೆದುಕೊಟ್ಟುದರಿಂದ, ಆರು ಗಂಟೆಗಳು ಕಳೆದ ಕೆಲವರಲ್ಲಿಯೂ ನಾಳದೊಳಕ್ಕೆ ಸಲಾಕೆಯನ್ನು ತೂರಿಸಿ ಹೆಪ್ಪನ್ನು ಹೊರತೆಗೆದರೆ ಗುಣವುಂಟೆಂದು 2018ರಲ್ಲಿ ಪ್ರಕಟವಾದ ಪರೀಕ್ಷೆಗಳು ತೋರಿಸಿದವು.

ಅಳತೆಯ ಇನ್ನೊಂದು ಗುಣವನ್ನೂ ಹೇಳಬೇಕು. ಅಳೆಯಬಹುದಾದ ಚಿತ್ರವು ರೋಗಿಗಿಂತ ಮುಂದಾಗಿ ಊರು ತಲಪುತ್ತದೆ. ದಕ್ಷಿಣ ಕನ್ನಡದಲ್ಲಿ ಹೃದಯದ ವಿಷಯದಲ್ಲಿ ಇದು ಅನುಭವಕ್ಕೆ ಬಂದಿದೆ. ಮಂಗಳೂರಿನ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಡಾ. ಪದ್ಮನಾಭ ಕಾಮತರು 2018ರಲ್ಲಿ ಗ್ರಾಮಾಂತರದ ಆರೋಗ್ಯಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಕೊಡಿಸಿ, ಗೆರೆಚಿತ್ರವನ್ನು ವಾಟ್ಸಾಪ್ ಮೂಲಕ ತರಿಸಿಕೊಂಡು ಸಲಹೆ ನೀಡುವ ಏರ್ಪಾಟನ್ನು ಆರಂಭಿಸಿದರು. ಆ ಚೌಕಳಿ ಕಾಗದದ ಮೇಲೆ ಗೆರೆಯು ಎಷ್ಟು ಮಿಲಿಮೀಟರ್ ಮೇಲೆದ್ದಿದೆಯೆಂಬುದನ್ನು ನೂರು ಮೈಲಿ ಆಚೆ ಕುಳಿತವರೂ ಎಣಿಸಬಲ್ಲರು. ಸಿ.ಟಿ. ಚಿತ್ರಕ್ಕೂ ಇದೇ ಮಾತು ಸಲ್ಲುತ್ತದೆ.

ಹಾಗಾದರೆ ನಿರ್ಣಯವನ್ನು ಯಂತ್ರಕ್ಕೇ ಬಿಡಬಹುದೇ? ಬಿಡಲಾಗದು. ರೋಗಿಯು ತಲೆಯನ್ನು ಅಲುಗಿಸಿದರೆ ಸಂಖ್ಯೆಗಳು ಕೆಡುತ್ತವೆ. ಅಂಕುಡೊಂಕಾಗಿ ಹರಡಿದ ರಕ್ತಕ್ಕೆ ಸರಳ ಸೂತ್ರವು ಒಪ್ಪುವುದಿಲ್ಲ. ಒಂದೇ ಚಿತ್ರಕ್ಕೆ ಇಬ್ಬರು ವೈದ್ಯರು ಬೇರೆ ಬೇರೆ ಅಂಕ ಕೊಡುವುದುಂಟು. ಗೆರೆಗಳೂ ಸ್ಥಿರವಲ್ಲ. ಅಂಕವು ಆರಕ್ಕಿಂತ ಕಡಿಮೆಯಾದರೆ ಹೆಪ್ಪನ್ನು ತೆಗೆದು ಪ್ರಯೋಜನವಿಲ್ಲವೆಂಬ ಭಾವನೆ ಮೊದಲು ಇತ್ತು. 2022–23ರಲ್ಲಿ ಜಪಾನ್, ಚೀನ ಮೊದಲಾದ ದೇಶಗಳ ಪರೀಕ್ಷೆಗಳು ಮೂರರಿಂದ ಐದು ಅಂಕದವರಿಗೂ ಉಪಯೋಗವುಂಟೆಂದು ಕಂಡುಕೊಂಡವು. ಸಂಖ್ಯೆಯನ್ನೇ ಅಂತಿಮ ತೀರ್ಪೆಂದು ಬಗೆದಿದ್ದರೆ ಇಂತಹವರ ಪಾಲಿಗೆ ಬಾಗಿಲು ಮುಚ್ಚಿಯೇ ಇರುತ್ತಿತ್ತು. ರೋಗಿಯ ವಯಸ್ಸು, ಹಿಂದಿನ ಆರೋಗ್ಯ, ಸೇವಿಸುತ್ತಿರುವ ಔಷಧಗಳು, ಇವೆಲ್ಲವನ್ನೂ ಸಂಖ್ಯೆಯ ಪಕ್ಕದಲ್ಲಿಟ್ಟು ತೂಗಿನೋಡುವ ಕೆಲಸ ವೈದ್ಯರದೇ.

ಕೊನೆಯದಾಗಿ, ವೈದ್ಯರು ಚಿತ್ರಕ್ಕಿಂತಲೂ ಮೊದಲು ಕೇಳುವ ಸಂಖ್ಯೆಯೊಂದಿದೆ. ರೋಗಿಯು ಸರಿಯಾಗಿ ಮಾತನಾಡುತ್ತ, ಓಡಾಡುತ್ತ ಇದ್ದುದನ್ನು ಕಡೆಯ ಬಾರಿ ಕಂಡುದು ಎಷ್ಟು ಗಂಟೆಗೆ? ಅದನ್ನು ಮನೆಯವರೇ ಹೇಳಬೇಕು. ಬಾಯಿ ಸೊಟ್ಟಗಾದುದು, ಕೈ ಸೋತುದು, ಮಾತು ತೊದಲಿದುದು ಕಂಡೊಡನೆ ಮನೆಯವರು ಮೊದಲು ಗಡಿಯಾರವನ್ನು ನೋಡಿ ಗಂಟೆಯನ್ನು ಬರೆದಿಟ್ಟುಕೊಳ್ಳಲಿ. ನಾಟಿ ಮದ್ದಿಗಾಗಿ ಕಾಯದೆ, 108ಕ್ಕೆ ಕರೆಮಾಡಿ ಸಿ.ಟಿ. ಯಂತ್ರವಿರುವ ಆಸ್ಪತ್ರೆಗೆ ಹೊರಡಲಿ. ಮುಂದಿನ ಲೆಕ್ಕಗಳೆಲ್ಲ ಆ ಒಂದು ಸಂಖ್ಯೆಯಿಂದಲೇ ಮೊದಲಾಗುತ್ತವೆ.