ಬೆಂಗಳೂರಿಗಿಂತ ಮೊದಲೇ ಟೀವಿ ಕಂಡ ಮಕ್ಕಳು

ನಂಬುತ್ತೀರಾ? ಬೆಂಗಳೂರಿಗೆ ದೂರದರ್ಶನ ಕೇಂದ್ರ ಬರುವ ಆರು ವರ್ಷ ಮೊದಲೇ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಶಾಲೆ ಮಕ್ಕಳು ಬೆಳಗ್ಗೆ ಬೆಳಗ್ಗೆಯೇ ಟೀವಿ ಮುಂದೆ ಕೂರುತ್ತಿದ್ದರು. ಅದೂ ಕನ್ನಡದ ಪಾಠಕ್ಕೆ, ನೇರ ಉಪಗ್ರಹದಿಂದ!

ಇಸವಿ 1975. ಆ ಏಪ್ರಿಲ್ 19ರಂದು ಮೇಲೇರಿದ ಭಾರತದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ಎಲ್ಲಿ ಗೊತ್ತೇ? ನಮ್ಮ ಬೆಂಗಳೂರಿನ ಪೀಣ್ಯದಲ್ಲಿ, ಕೈಗಾರಿಕಾ ವಸಾಹತಿನ ಶೀಟು ಹೊದಿಸಿದ ಶೆಡ್ಡುಗಳಲ್ಲಿ! ಉಡುಪಿ ಕಡೆಯ ಯು.ಆರ್. ರಾವ್ ಮತ್ತವರ ಹುಡುಗರ ತಂಡ ಕಟ್ಟಿದ 360 ಕಿಲೋ ಪೆಟ್ಟಿಗೆ ಅದು. ಅದರ ಮಾಹಿತಿ ಹಿಡಿಯಲು ಜಾಗ ಸಾಲದೆ ಒಂದು ಶೌಚಾಲಯವನ್ನೇ ಕೇಂದ್ರ ಮಾಡಿಕೊಂಡರಂತೆ.

ಆರ್ಯಭಟನಿಗೂ ಟೀವಿಗೂ ಸಂಬಂಧವಿರಲಿಲ್ಲ, ನಿಜ. ಆದರೆ ಮೂರೇ ತಿಂಗಳ ಮೇಲೆ, ಆಗಸ್ಟ್ 1ಕ್ಕೆ, ನಾಸಾದಿಂದ ಎರವಲು ತಂದ ಎಟಿಎಸ್-6 ಉಪಗ್ರಹ 36,000 ಕಿಲೋಮೀಟರ್ ಎತ್ತರದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಚಿತ್ರ ಸುರಿಸತೊಡಗಿತು. ಅದೇ 'ಸೈಟ್' ಪ್ರಯೋಗ, ಬಾಹ್ಯಾಕಾಶ ವಿಜ್ಞಾನಿ ವಿಕ್ರಮ್ ಸಾರಾಭಾಯಿ ಕಂಡ ಕನಸು. ಅದು ನನಸಾಗುವ ಹೊತ್ತಿಗೆ ಅವರೇ ಇರಲಿಲ್ಲ. ಬೆಳಗಿನ ಒಂದೂವರೆ ತಾಸನ್ನು ನಾಲ್ಕು ಭಾಷೆಗಳು ಹಂಚಿಕೊಂಡವು. ಕನ್ನಡದ ಪಾಲು ಇಪ್ಪತ್ತೆರಡೂವರೆ ನಿಮಿಷ, 5ರಿಂದ 12 ವರ್ಷದ ಮಕ್ಕಳಿಗೆಂದೇ.

ಆಂಟೆನಾ ನೋಡಬೇಕಿತ್ತು! ಮೂರು ಮೀಟರ್ ಅಗಲದ ಬೋಗುಣಿ, ಅದಕ್ಕೆ ಬಿಗಿದದ್ದು ಕೋಳಿಗೂಡಿಗೆ ಹಾಕುವ ತಂತಿಜಾಲರಿ. ಆಕಾಶದಿಂದ ಬರುವ ಪಾಠ ಹಿಡಿಯಲು ಅಷ್ಟು ಸಾಕಾಗಿತ್ತು! ಇನ್ನೊಂದು ಚಮತ್ಕಾರ: ಈ ಉಪಗ್ರಹ ಒಂದೇ ಚಿತ್ರದ ಜೊತೆ ಎರಡು ದನಿ ಹೊತ್ತು ತರಬಲ್ಲುದಾಗಿತ್ತು. ಚಿತ್ರ ಒಂದೇ, ಆದರೆ ಒಂದೂರಿಗೆ ಒಂದು ಭಾಷೆ, ಪಕ್ಕದ ರಾಜ್ಯದವರಿಗೆ ಇನ್ನೊಂದು! ಕರೆಂಟಿಲ್ಲದ ಕೆಲವು ಹಳ್ಳಿಗಳಲ್ಲಿ ಸೆಟ್ಟು ಬ್ಯಾಟರಿಯ ಮೇಲೆ ಓಡಿತು.

1976ರ ಜುಲೈ 31ಕ್ಕೆ ಗಡುವು ಮುಗಿದು ಉಪಗ್ರಹ ಹೊರಟುಹೋಯಿತು. ಮಕ್ಕಳಿಗೆ ರುಚಿ ಹತ್ತಿಸಿ ಹೀಗೆ ಕಿತ್ತುಕೊಂಡದ್ದು ನನಗಂತೂ ಕ್ರೂರವೆನಿಸುತ್ತದೆ. ಆದರೂ ಮರುವರ್ಷವೇ ಗುಲ್ಬರ್ಗದಲ್ಲಿ ಟೀವಿ ಪ್ರಸಾರ ಕೇಂದ್ರ ಎದ್ದಿತು. ಉಪಗ್ರಹ ಕಟ್ಟಿದ ಬೆಂಗಳೂರು ಮಾತ್ರ 1981ರ ನವೆಂಬರ್ 1ರವರೆಗೆ ಕಾಯಿತು!

ಎರವಲಿನ ಕಾಲವೂ ಮುಗಿಯಿತು. ಪೀಣ್ಯದ ಶೆಡ್ಡುಗಳಿಂದ ಬೆಳೆದ ಇಸ್ರೋ ಉಪಗ್ರಹ ಕೇಂದ್ರ ಪಾಠಕ್ಕೆಂದೇ ಎಜುಸ್ಯಾಟ್ ಕಟ್ಟಿತು. 2004ರ ಸೆಪ್ಟೆಂಬರ್ 20ರಂದು ಅದು ಮೇಲೇರಿದ್ದು ಶ್ರೀಹರಿಕೋಟದಿಂದ, ನಮ್ಮದೇ ರಾಕೆಟ್ಟಿನ ಬೆನ್ನೇರಿ. ಈ ಸಲ ಪಾಠ ಇಳಿದದ್ದು ರಾಜ್ಯದ ಇನ್ನೊಂದು ತುದಿಗೆ, ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ.