ನಿಂತೇ ಇದ್ದರೆ ಕಾಲು ಊದುವುದೇಕೆ?

ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವವರ ಕಾಲು ಸಂಜೆಗೆ ಊದಿಕೊಳ್ಳುವುದೇಕೆ?

ಹೃದಯ ರಕ್ತವನ್ನು ಪಾದದವರೆಗೆ ತಳ್ಳುತ್ತದೆ. ಅದನ್ನು ಮೇಲೆತ್ತುವ ಕೆಲಸ ಹೆಚ್ಚಾಗಿ ಮೀನಖಂಡದ್ದು. ಊರಿನ ಬೋರ್‌ವೆಲ್ ಕೈಪಂಪು ನೆನಪಿಸಿಕೊಳ್ಳಿ: ಹಿಡಿ ಒತ್ತುತ್ತಿದ್ದರಷ್ಟೇ ನೀರು ಮೇಲೇರುತ್ತದೆ. ಹಾಗೆಯೇ ನಡೆಯುವಾಗ ಮೀನಖಂಡ ಬಿಗಿದು ಸಡಿಲಾಗುತ್ತ ರಕ್ತನಾಳಗಳನ್ನು ಹಿಂಡುತ್ತದೆ. ಒಳಗಿನ ಪುಟ್ಟ ಕವಾಟಗಳು ಏರಿದ ರಕ್ತ ಮರಳಿ ಇಳಿಯದಂತೆ ತಡೆಯುತ್ತವೆ. ಒಂದೇ ಕಡೆ ನಿಂತರೆ ಪಂಪು ನಿಂತಂತೆ. ಕೆಳಗೆ ರಕ್ತದ ಒತ್ತಡ ಹೆಚ್ಚಿ, ನೀರಿನಂಶ ಸುತ್ತಲಿನ ಅಂಗಾಂಶಕ್ಕೆ ಜಿನುಗಿ ಪಾದ ಊದುತ್ತದೆ. ವರ್ಷಗಟ್ಟಲೆ ಹೀಗಾದರೆ ಕವಾಟಗಳೇ ಸೋತು ವೆರಿಕೋಸ್ ವೇನ್ಸ್ (ಉಬ್ಬಿದ ರಕ್ತನಾಳಗಳು) ಕಾಣಿಸಿಕೊಳ್ಳಬಹುದು.

ಅಂಗಡಿ ಕೆಲಸಗಾರರಿಗೆ ಆಸನ ಕೊಡಲೇಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಂದವು. ಮಾಲೀಕರೇ, ಇಂದೇ ಒಂದು ಸ್ಟೂಲು ಹಾಕಿಸಿ; ನಡುನಡುವೆ ನಾಲ್ಕು ಹೆಜ್ಜೆ ಓಡಾಡಲೂ ಬಿಡಿ.